ನೋಯದ ಹಲ್ಲಿನ ಪ್ರಕರಣ

ಮಾಸ್ತರರು ನನ್ನ ದವಾಖಾನೆಗೆ ಮೊದಲು ಬಂದದ್ದು 2019ರ ಫೆಬ್ರುವರಿಯಲ್ಲಿ, ತೊಗರಿ ರಾಶಿ ಮುಗಿಸಿ ಮಾರಿದ ಮೇಲೆ. ಆಳಂದ ತಾಲ್ಲೂಕಿನ ಒಂದು ಹಳ್ಳಿಯವರು. ಪ್ರಾಥಮಿಕ ಶಾಲೆಯಲ್ಲಿ 30 ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿ ನಿವೃತ್ತರಾಗಿದ್ದರು. ಆಗ ಅವರಿಗೆ 61 ವರ್ಷ. ಅವರ ಒಪ್ಪಿಗೆ ಪಡೆದು, ಹೆಸರನ್ನೂ ಊರನ್ನೂ ಬಿಟ್ಟು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಬರೆಯಬೇಕೆನಿಸಲು ಒಂದು ಕಾರಣ, ಇದರಲ್ಲಿ ನನ್ನದೂ ಒಂದು ತಪ್ಪಿದೆ.

ನಮ್ಮ ಕಲಬುರಗಿ ಕಡೆ ಹೆಂಗಸರನ್ನು ಗೌರವದಿಂದ ‘ಬಾಯಿ’ ಎಂದು ಕರೆಯುವ ರೂಢಿ. ಹಲ್ಲಿನ ವೈದ್ಯೆಯಾದ ನನಗೆ ಆ ಮಾತು ಎರಡೂ ಅರ್ಥದಲ್ಲಿ ಸಲ್ಲುತ್ತದೆ. ‘ಡಾಕ್ಟರ್ ಬಾಯಿಯವರೇ, ಎಡಗಡೆ ರೊಟ್ಟಿ ಅಗಿಯುವಂತೆ ಮಾಡಿಕೊಡಿ, ಮತ್ತೇನೂ ಬೇಡ’ ಎಂದರು ಮಾಸ್ತರರು. ಅವರು ಹೇಳಿದ್ದು ಕಟಕ ರೊಟ್ಟಿಯ ವಿಚಾರ. ಹಂಚಿನ ಮೇಲೆ ಸುಟ್ಟು ಒಣಗಿಸಿಟ್ಟ, ಮುರಿದರೆ ಸದ್ದು ಮಾಡುವ ಜೋಳದ ರೊಟ್ಟಿ. ಜೊತೆಗೆ ಶೇಂಗಾ ಹಿಂಡಿ, ಗಟ್ಟಿ ಮೊಸರು. ಆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುವುದೆಂದರೆ ಅವರ ಮಟ್ಟಿಗೆ ಮುದುಕನಾದೆ ಎಂದು ಒಪ್ಪಿಕೊಂಡಂತೆ.

ಹೋದದ್ದು ಕೆಳದವಡೆಯ ಎಡಬದಿಯ ಮೊದಲ ದವಡೆಹಲ್ಲು. ಆರನೆಯ ವರ್ಷಕ್ಕೆ ಹುಟ್ಟಿ, ಊಟದ ಹೆಚ್ಚಿನ ಭಾರವನ್ನು ಹೊರುವ ಹಲ್ಲು ಅದು. ಹತ್ತು ವರ್ಷ ಅದರಲ್ಲಿ ಹುಳುಕಿತ್ತು. ನೋವು ಬಂದಾಗ ಲವಂಗದ ಎಣ್ಣೆ, ಕಿರಾಣಿ ಅಂಗಡಿಯ ಗುಳಿಗೆ. ತಡೆಯದಾದಾಗ ಯಾವುದಾದರೂ ದವಾಖಾನೆ. ನೋವು ನಿಂತೊಡನೆ ದವಾಖಾನೆಯೂ ನಿಲ್ಲುತ್ತಿತ್ತು. ಬೇರುನಾಳ ಚಿಕಿತ್ಸೆ (ರೂಟ್ ಕೆನಾಲ್) ಅರ್ಧಕ್ಕೆ ಬಿಟ್ಟದ್ದು ಒಮ್ಮೆ, ಶುರು ಮಾಡದೆಯೇ ಬಿಟ್ಟದ್ದು ಇನ್ನೊಮ್ಮೆ. ಕೊನೆಗೆ ಹಲ್ಲು ಒಡೆದು, 2017ರ ಡಿಸೆಂಬರ್‌ನಲ್ಲಿ ಕೀಳಿಸಿಕೊಂಡಿದ್ದರು. ಈ ಮನುಷ್ಯನನ್ನು ವೈದ್ಯರ ಬಳಿಗೆ ತರುವುದು ನೋವು ಒಂದೇ ಎಂಬುದು ಆ ಚರಿತ್ರೆಯಲ್ಲೇ ಇತ್ತು. ನಾನು ಅದನ್ನು ಕೇಳಿಸಿಕೊಂಡೆ, ಚೀಟಿಯಲ್ಲಿ ಬರೆದೂಕೊಂಡೆ, ಅದರ ಅರ್ಥವನ್ನು ಮಾತ್ರ ಹಿಡಿಯಲಿಲ್ಲ.

ಒಂದು ಹಲ್ಲಿನ ಖಾಲಿ ಜಾಗವನ್ನು ಸುಮ್ಮನೆ ಬಿಡಲೂಬಹುದು. ಇದನ್ನು ರೋಗಿಗೆ ಹೇಳದೆ ನೇರವಾಗಿ ದರಪಟ್ಟಿ ಮುಂದಿಡುವ ದಂತವೈದ್ಯರ ಬಗ್ಗೆ ನನಗೆ ತಕರಾರಿದೆ. ಬಿಟ್ಟರೆ ಮೇಲಿನ ಹಲ್ಲು ನಿಧಾನವಾಗಿ ಕೆಳಗಿಳಿಯುತ್ತದೆ, ಹಿಂದಿನ ಹಲ್ಲು ಖಾಲಿ ಜಾಗಕ್ಕೆ ವಾಲುತ್ತದೆ, ಆದರೆ ಜೀವಕ್ಕೇನೂ ಆಗುವುದಿಲ್ಲ. ತೆಗೆದು ಹಾಕುವ ಪ್ಲೇಟು ಅಗ್ಗ, ಕಟಕ ರೊಟ್ಟಿಯ ಮುಂದೆ ಮಾತ್ರ ನಿಲ್ಲದು. ಪಕ್ಕದ ಹಲ್ಲುಗಳ ಆಸರೆಯಲ್ಲಿ ನಿಲ್ಲುವ ಬ್ರಿಜ್ ಕೂರಿಸಬೇಕಾದರೆ ಮುಂದಿನ, ಹಿಂದಿನ ಎರಡೂ ಹಲ್ಲುಗಳನ್ನು ಸುತ್ತಲೂ ತೇಯಬೇಕು. ಮಾಸ್ತರರ ಆ ಎರಡು ಹಲ್ಲುಗಳು ಒಂದು ಕಲೆಯೂ ಇಲ್ಲದೆ ಗಟ್ಟಿಯಾಗಿದ್ದವು. ನಮ್ಮ ಮನೆಗೆ ತೊಲೆ ಕೂರಿಸಲು ಎರಡೂ ಪಕ್ಕದ ಮನೆಯ ಗೋಡೆ ಕೆತ್ತಿದ ಹಾಗೆ. ಆದ್ದರಿಂದ ಇಂಪ್ಲಾಂಟ್ ಎಂದೆ: ಎಲುಬಿನಲ್ಲಿ ಟೈಟಾನಿಯಂ ತಿರುಪು, ಅದರ ಮೇಲೆ ಒಂದು ಚಿಕ್ಕ ಕಂಬ, ಕಂಬದ ಮೇಲೆ ಕ್ಯಾಪ್. ಎಲ್ಲ ಸೇರಿ 32 ಸಾವಿರ ರೂಪಾಯಿ. ಅರ್ಧ ಈಗ, ಅರ್ಧ ಮುಂದಿನ ತೊಗರಿಗೆ ಎಂದರು. ಕಲಬುರಗಿಯಲ್ಲಿ ದವಾಖಾನೆ ನಡೆಸುವವರಿಗೆ ತೊಗರಿಯ ದರ ಮಾರುಕಟ್ಟೆಯವರಷ್ಟೇ ಚೆನ್ನಾಗಿ ಗೊತ್ತಿರುತ್ತದೆ. ಒಪ್ಪಿದೆ.

‘ಎಷ್ಟು ವರ್ಷ ಬಾಳುತ್ತದೆ?’ ಎಂದು ಕೇಳಿದರು. ಎಲ್ಲರೂ ಕೇಳುವ ಪ್ರಶ್ನೆ. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವೈದ್ಯರು 1952ರಲ್ಲಿ ಮೊಲದ ಕಾಲೆಲುಬಿನಲ್ಲಿ ರಕ್ತಸಂಚಾರ ನೋಡಲು ಟೈಟಾನಿಯಂ ಉಪಕರಣವನ್ನು ಕೂರಿಸಿದ್ದರು. ಪ್ರಯೋಗ ಮುಗಿದು ತೆಗೆಯಹೋದರೆ ಅದು ಎಲುಬಿಗೆ ಬೆಸೆದುಹೋಗಿತ್ತು. ಆ ಎಡವಟ್ಟಿನಿಂದಲೇ ಈ ವಿದ್ಯೆ ಹುಟ್ಟಿತು. 1965ರಲ್ಲಿ ಅವರಿಂದ ಮೊದಲ ಇಂಪ್ಲಾಂಟ್ ಹಾಕಿಸಿಕೊಂಡ ಯೋಸ್ಟಾ ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೂ ಅವುಗಳಲ್ಲೇ ಊಟ ಮಾಡಿದರು. ಮಾಸ್ತರರಿಗೆ ಈ ಕತೆ ಬಹಳ ಹಿಡಿಸಿತು. ಅವರಿಗೆ ಉಳಿದದ್ದು ನಲವತ್ತು ವರ್ಷ ಎಂಬ ಅಂಕಿ. ಆ ಅಂಕಿಯ ಹಿಂದಿರುವ ದಿನದಿನದ ಆರೈಕೆಯನ್ನು ನಾನು ಅಷ್ಟೇ ಒತ್ತಿ ಹೇಳಿದೆನೇ ಎಂದು ಈಗ ಕೇಳಿಕೊಂಡರೆ, ಇಲ್ಲ.

ಕೆಲಸ ಕೂಡಲೇ ಶುರುವಾಗಲಿಲ್ಲ. ಅವರಿಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದರೆ ಶೇ. 9.4 ಬಂತು. ಸಕ್ಕರೆ ಅಷ್ಟಿದ್ದರೆ ಗಾಯ ತಡವಾಗಿ ಮಾಯುತ್ತದೆ, ಎಲುಬು ಲೋಹವನ್ನು ಹಿಡಿಯುವುದು ಅನುಮಾನ. ಜೊತೆಗೆ ತಂಬಾಕು. ಅಂಗೈಯಲ್ಲಿ ಸುಣ್ಣ ಹಚ್ಚಿ ತಿಕ್ಕಿ, ಎಡಗೆನ್ನೆಯ ಸಂದಿಗೆ ಒತ್ತಿಕೊಳ್ಳುವ 40 ವರ್ಷದ ಅಭ್ಯಾಸ; ಅಂದರೆ ಇಂಪ್ಲಾಂಟ್ ಕೂರಬೇಕಾದ ಜಾಗದ ಮಗ್ಗುಲಿಗೇ. ಕೆನ್ನೆಯ ಒಳಬದಿಗೆ ದೀಪ ಹಿಡಿದು ನೋಡಿದೆ. ಒಳಪದರ ಸುಕ್ಕುಗಟ್ಟಿತ್ತು, ಬಿಳಿ ಮಚ್ಚೆಯಾಗಲಿ ಹುಣ್ಣಾಗಲಿ ಇರಲಿಲ್ಲ. ಅವರ ವೈದ್ಯರು ಗುಳಿಗೆ ಬದಲಿಸಿದರು, ಮಾಸ್ತರರು ತಂಬಾಕು ಬಿಟ್ಟರು. ಮೇ ಕೊನೆಗೆ ಸಕ್ಕರೆ ಶೇ. 7.3ಕ್ಕೆ ಇಳಿದಿತ್ತು. ‘ಆಪರೇಷನ್ ಆಗಿ ಎಲುಬು ಕೂಡುವವರೆಗೆ ತಂಬಾಕು ಮುಟ್ಟುವುದಿಲ್ಲ’ ಎಂದು ಮಾತು ಕೊಟ್ಟರು. ಆ ಮಾತಿಗೊಂದು ಕೊನೆಯ ದಿನಾಂಕ ಇತ್ತು ಎಂಬುದು ನನಗೆ ತಡವಾಗಿ ಹೊಳೆಯಿತು.

ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್‌ನಲ್ಲಿ ಎಲುಬಿನ ಅಗಲ 7.5 ಮಿಲಿಮೀಟರ್, ನರದ ಕೊಳವೆಯವರೆಗಿನ ಎತ್ತರ 13 ಮಿಲಿಮೀಟರ್ ಎಂದು ಕಂಡಿತು. ಕೆಳದವಡೆಯೊಳಗೆ ಹಾಯುವ ಆ ನರಕ್ಕೆ ಪೆಟ್ಟಾದರೆ ತುಟಿ ಶಾಶ್ವತವಾಗಿ ಜೋಮು ಹಿಡಿಯಬಹುದು. ಕನಿಷ್ಠ 2 ಮಿಲಿಮೀಟರ್ ದೂರ ಉಳಿಸಲೇಬೇಕು. 4.2 ಮಿಲಿಮೀಟರ್ ದಪ್ಪ, 10 ಮಿಲಿಮೀಟರ್ ಉದ್ದದ ಇಂಪ್ಲಾಂಟ್ ಆರಿಸಿದೆ. ಹಲ್ಲು ಕಿತ್ತ ಮೇಲೆ ಎಲುಬು ಕೆನ್ನೆಯ ಬದಿಯಿಂದಲೇ ಹೆಚ್ಚು ಸವೆಯುತ್ತದೆ. ಹಾಗಾಗಿ ತಿರುಪನ್ನು ನಾಲಿಗೆಯ ಕಡೆಗೆ ತುಸು ಸರಿಸಿ ಕೂರಿಸಬೇಕಾಗಿತ್ತು. ಈ ‘ತುಸು’ ಮುಂದೆ ನನಗೆ ದುಬಾರಿಯಾಯಿತು.

ಜೂನ್ ಮೊದಲ ವಾರ, ಬಿತ್ತನೆಗೆ ಮುಂಚೆ ಶಸ್ತ್ರಚಿಕಿತ್ಸೆ ಆಯಿತು. ಎಲುಬನ್ನು ಮೊದಲು 2 ಮಿಲಿಮೀಟರ್ ಡ್ರಿಲ್ಲಿನಿಂದ ಕೊರೆದು, ಹಂತಹಂತವಾಗಿ ಅಗಲಿಸುತ್ತಾ ಹೋಗುತ್ತೇವೆ. ಕೊರೆಯುವಷ್ಟು ಹೊತ್ತೂ ತಣ್ಣಗಿನ ಸಲೈನ್ ನೀರು ಸುರಿಯುತ್ತಿರಬೇಕು. ಎಲುಬಿನ ಜೀವಕೋಶಗಳು 47 ಡಿಗ್ರಿ ಬಿಸಿಯಲ್ಲಿ ಒಂದು ನಿಮಿಷ ಇದ್ದರೆ ಸಾಯತೊಡಗುತ್ತವೆ. ನಮ್ಮ ಮೇ ತಿಂಗಳ ಮಧ್ಯಾಹ್ನಕ್ಕಿಂತ ಅದು ನಾಲ್ಕೈದು ಡಿಗ್ರಿಯಷ್ಟೇ ಹೆಚ್ಚು. ಡ್ರಿಲ್ ನಿಲ್ಲಿಸಿ ಬಾಯಿಯ ನೀರನ್ನು ಹೀರಿ ತೆಗೆದಾಗ ಮಾಸ್ತರರು ಜೋಮು ಹಿಡಿದ ತುಟಿಯಲ್ಲೇ ಏನೋ ಕೇಳಿದರು. ತಿಳಿಯಲಿಲ್ಲ. ಮತ್ತೊಮ್ಮೆ ಕೇಳಿದರು: ‘ನೀರು ಬಿತ್ತೇ?’ ಅವರ ಹೊಲದಲ್ಲಿ ಎರಡು ಬೋರ್‌ವೆಲ್ ಒಣಗಿದ್ದವು.

ತಿರುಪು ಬಿಗಿಯಾಗಿ ಕೂತಿತು; ತಿರುಗಿಸುವ ಒತ್ತಡ 35 ನ್ಯೂಟನ್ ಸೆಂಟಿಮೀಟರ್ ಮುಟ್ಟಿದಾಗ ನಿಲ್ಲಿಸಿದೆ. ವಸಡು ಮುಚ್ಚಿ ಹೊಲಿಗೆ. ಒಂದು ವಾರ ಅಂಬಲಿ, ಮೆತ್ತಗಿನ ಅನ್ನ, ತೊವ್ವೆ. ಹತ್ತನೆಯ ದಿನ ಹೊಲಿಗೆ ಬಿಚ್ಚಿದೆ. ಬಾವು ಇಳಿದಿತ್ತು, ತುಟಿಯ ಸ್ಪರ್ಶ ಸರಿಯಾಗಿತ್ತು. ಕೆಳದವಡೆಯ ಎಲುಬು ಗಟ್ಟಿ, ಸಾಮಾನ್ಯವಾಗಿ ಮೂರು ತಿಂಗಳಲ್ಲಿ ಹಿಡಿಯುತ್ತದೆ. ಮೇಲ್ದವಡೆಗೆ ಅದಕ್ಕಿಂತ ಹೆಚ್ಚು ಕಾಲ ಬೇಕು. ಸೆಪ್ಟೆಂಬರ್‌ನಲ್ಲಿ ವಸಡು ತೆರೆದು ನೋಡಿದಾಗ ಎಲ್ಲವೂ ಪುಸ್ತಕದಲ್ಲಿ ಇದ್ದಂತೆಯೇ ಇತ್ತು.

ಅಕ್ಟೋಬರ್ 2019, ಕ್ಯಾಪ್ ಹಾಕುವ ದಿನ. ಕ್ಯಾಪನ್ನು ಎರಡು ರೀತಿಯಲ್ಲಿ ಕೂರಿಸಬಹುದು. ಮೇಲಿನಿಂದ ರಂಧ್ರದ ಮೂಲಕ ತಿರುಪು ಬಿಗಿದು ರಂಧ್ರವನ್ನು ತುಂಬುವುದು ಒಂದು; ಸಿಮೆಂಟು ಹಚ್ಚಿ ಅಂಟಿಸುವುದು ಇನ್ನೊಂದು. ಮೊದಲನೆಯದನ್ನು ಬೇಕೆಂದಾಗ ಬಿಚ್ಚಿ ಸ್ವಚ್ಛ ಮಾಡಬಹುದು. ಆದರೆ ಇಂಪ್ಲಾಂಟ್ ನಾಲಿಗೆಯ ಕಡೆಗೆ ಸರಿದಿದ್ದರಿಂದ ರಂಧ್ರ ಕ್ಯಾಪಿನ ಒಳಬದಿಯ ಮೊನೆಯಲ್ಲಿ ಬರುತ್ತಿತ್ತು. ಅಲ್ಲಿ ಪಿಂಗಾಣಿ ಚಕ್ಕೆ ಏಳಬಹುದೆಂದು ಸಿಮೆಂಟಿನ ದಾರಿ ಹಿಡಿದೆ. ಕಂಬದ ತಿರುಪನ್ನು ಬಿಗಿದು, ಕ್ಯಾಪ್ ಅಂಟಿಸಿ, ಹೊರಗೆ ಉಕ್ಕಿದ ಸಿಮೆಂಟನ್ನು ಕೆರೆದು, ದಾರ ಎಳೆದು, ಎಕ್ಸ್‌-ರೇ ತೆಗೆದೆ. ಶುಭ್ರ. ನಾನು ನೆಮ್ಮದಿಯಾಗಿ ಕೈಗವಸು ಬಿಚ್ಚಿದೆ.

ಎಕ್ಸ್‌-ರೇ ಒಂದು ನೆರಳು. ಕ್ಯಾಪಿನ ಮುಂದೆ, ಹಿಂದೆ ಉಳಿದ ಸಿಮೆಂಟು ಅದರಲ್ಲಿ ಕಂಡೀತು. ಕೆನ್ನೆಯ ಬದಿಗೋ ನಾಲಿಗೆಯ ಬದಿಗೋ ಉಳಿದದ್ದು ಲೋಹದ ನೆರಳಿನಲ್ಲೇ ಅಡಗಿಬಿಡುತ್ತದೆ. ಇಂಪ್ಲಾಂಟ್ ಒಳಗೆ ಸರಿದಿದ್ದ ಕಾರಣಕ್ಕೆ ಕ್ಯಾಪು ಕೆನ್ನೆಯ ಬದಿಗೆ ಸೂರಿನಂತೆ ಚಾಚಿತ್ತು, ಅದರ ಅಂಚು ವಸಡಿನ ಆಳದಲ್ಲಿತ್ತು. ಸಿಮೆಂಟು ಅಡಗಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ನನಗೆ ಇದೆಲ್ಲ ಗೊತ್ತಿತ್ತು, ಗೊತ್ತಿದ್ದೂ ಎಕ್ಸ್‌-ರೇಯನ್ನು ನಂಬಿದೆ.

ಇಂಪ್ಲಾಂಟಿನ ಕಂಪನಿ, ಅಳತೆ, ಲಾಟ್ ಸಂಖ್ಯೆ ಇರುವ ಸ್ಟಿಕ್ಕರನ್ನು ಒಂದು ಕಾರ್ಡಿಗೆ ಅಂಟಿಸಿ ಅವರ ಕೈಗೆ ಕೊಟ್ಟೆ. ಮಾಸ್ತರರು ಅದನ್ನು ಹೊಲದ ಪಹಣಿ ಇಡುವ ಚೀಲದಲ್ಲಿ ಇಟ್ಟರು. ಈ ಪ್ರಕರಣದಲ್ಲಿ ಅವರು ಮಾಡಿದ ಅತ್ಯುತ್ತಮ ಕೆಲಸ ಅದು. ಸೊಲ್ಲಾಪುರದಲ್ಲೋ ಹೈದರಾಬಾದಿನಲ್ಲೋ ಹಾಕಿಸಿಕೊಂಡು, ಐದು ವರ್ಷದ ಮೇಲೆ ತಿರುಪು ಸಡಿಲವಾಯಿತೆಂದು ನನ್ನ ಬಳಿ ಬರುವವರಲ್ಲಿ ಅನೇಕರ ಹತ್ತಿರ ಈ ಚೀಟಿ ಇರುವುದಿಲ್ಲ. ಒಂದೊಂದು ಕಂಪನಿಯ ತಿರುಪಿಗೆ ಒಂದೊಂದು ಬಗೆಯ ಸ್ಕ್ರೂಡ್ರೈವರ್. ಎಕ್ಸ್‌-ರೇಯಲ್ಲಿ ತಿರುಪಿನ ಆಕಾರ ನೋಡಿ ಕಂಪನಿಯನ್ನು ಊಹಿಸುವುದು ನೆರಳು ನೋಡಿ ಮನುಷ್ಯನ ಗುರುತು ಹಿಡಿದಂತೆ.

‘ಆರು ತಿಂಗಳಿಗೊಮ್ಮೆ ಬನ್ನಿ’ ಎಂದಿದ್ದೆ. ಮೊದಲ ಸರದಿ 2020ರ ಏಪ್ರಿಲ್. ದೇಶದ ಮೊದಲ ಕೊರೋನಾ ಸಾವು ವರದಿಯಾದದ್ದು ನಮ್ಮ ಕಲಬುರಗಿಯಿಂದಲೇ, ಆ ಮಾರ್ಚ್‌ನಲ್ಲಿ. ಏಪ್ರಿಲ್‌ನಲ್ಲಿ ನನ್ನ ದವಾಖಾನೆಯ ಬಾಗಿಲೇ ಮುಚ್ಚಿತ್ತು. ಮುಂದೆ ಬಾಗಿಲು ತೆರೆಯಿತು, ಬಸ್ಸುಗಳು ಓಡಿದವು, ಮಾಸ್ತರರು ಬರಲಿಲ್ಲ. ಉಳಿದ ಹಣವನ್ನು ಮಗನ ಕೈಯಲ್ಲಿ ಚುಕ್ತಾ ಮಾಡಿಸಿದರು. ‘ಅಪ್ಪ ಆ ಹಲ್ಲಿನಲ್ಲೇ ಕಬ್ಬು ಸುಲಿಯುತ್ತಾರೆ’ ಎಂದು ಮಗ ಹೇಳಿದಾಗ ನನಗೂ ಹೆಮ್ಮೆಯಾಯಿತು. ನಾವೂ ಫೋನ್ ಮಾಡಲಿಲ್ಲ.

2022ರ ಜನವರಿ, ಎಳ್ಳಮಾವಾಸ್ಯೆ ಕಳೆದ ವಾರ, ಅವರನ್ನು ಕರೆತಂದವರು ಅವರ ಹೆಂಡತಿ. ಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ಕೂತಾಗ ಸಜ್ಜೆ ಕಡುಬಿನ ಮೇಲೆ ರಕ್ತದ ಗುರುತು ಕಂಡಿತಂತೆ. ‘ಬಾಯಿ ವಾಸನೆ ಬರುತ್ತಿದೆ ಎಂದು ನಾನು ವರ್ಷದಿಂದ ಹೇಳುತ್ತಿದ್ದೇನೆ ನೋಡಿ ಅಕ್ಕಾ. ತಂಬಾಕಿನದು ಎಂದು ನನ್ನನ್ನೇ ಗದರುತ್ತಾರೆ’ ಎಂದರು. ತಂಬಾಕು ಮರಳಿತ್ತು ಎಂದು ನನಗೆ ತಿಳಿದದ್ದೂ ಆಗಲೇ.

ಮಾಸ್ತರರು ತುಸು ಸಿಟ್ಟಿನಲ್ಲೇ ಕುರ್ಚಿಯಲ್ಲಿ ಒರಗಿದರು. ‘ಒಂದು ದಿನವೂ ನೋಯಲಿಲ್ಲ ಡಾಕ್ಟರ್ ಬಾಯಿಯವರೇ. ನೋಯದ ಹಲ್ಲಿಗೆ ಯಾಕೆ ಬರಬೇಕು?’

ವಸಡಿನ ಅಂಚಿನಲ್ಲಿ ಅಳತೆಯ ಕಡ್ಡಿಯನ್ನು ಹಗುರವಾಗಿ ಇಳಿಸಿದೆ. ಮುಂದೆ ನಾಲ್ಕು ಮಿಲಿಮೀಟರ್, ಹಿಂದೆ ಐದು. ಕೆನ್ನೆಯ ಬದಿಗೆ ಬಂದಾಗ ಕಡ್ಡಿ ಏಳಕ್ಕೆ ಹೋಗಿ ನಿಂತಿತು, ಬೆರಳಿನಿಂದ ಒತ್ತಿದರೆ ಹಳದಿ ಕೀವಿನ ಒಂದು ಹನಿ ಮೇಲೆ ಬಂತು. ಇಂಪ್ಲಾಂಟ್ ಅಲುಗಾಡುತ್ತಿರಲಿಲ್ಲ. 2019ರ ಎಕ್ಸ್‌-ರೇಯನ್ನು ಹೊಸದರ ಪಕ್ಕ ಇಟ್ಟು ನೋಡಿದರೆ ಸುತ್ತಲಿನ ಎಲುಬು ಸುಮಾರು ಎರಡೂವರೆ ಮಿಲಿಮೀಟರ್ ಕರಗಿ, ಬಟ್ಟಲಿನಂತೆ ತಗ್ಗು ಬಿದ್ದಿತ್ತು. ಸಕ್ಕರೆ ಶೇ. 8.8.

ಅವರ ಪ್ರಶ್ನೆಗೆ ಉತ್ತರ ಕೊಡಬೇಕಿತ್ತು. ಸ್ವಂತ ಹಲ್ಲು ಎಲುಬಿಗೆ ಅಂಟಿಕೊಂಡಿರುವುದಿಲ್ಲ. ನಡುವೆ ಕೂದಲೆಳೆಯಷ್ಟು ದಪ್ಪದ ನಾರಿನ ಪೊರೆಯಿದ್ದು, ಹಲ್ಲು ಅದರಲ್ಲಿ ತೂಗಿಕೊಂಡಿರುತ್ತದೆ. ಅನ್ನದಲ್ಲಿ ಸಣ್ಣ ಹರಳು ಸಿಕ್ಕರೂ ತಟ್ಟನೆ ತಿಳಿಯುವುದು ಆ ಪೊರೆಯ ನರಗಳಿಂದ. ಹುಳುಕು ಆಳಕ್ಕೆ ಇಳಿದರೆ ಹಲ್ಲಿನ ಒಳಗಿನ ನರ ಕೂಗುತ್ತದೆ. ಇಂಪ್ಲಾಂಟಿಗೆ ಪೊರೆಯೂ ಇಲ್ಲ, ಒಳಗೆ ನರವೂ ಇಲ್ಲ. ಅದಲ್ಲದೆ ಸ್ವಂತ ಹಲ್ಲಿನ ಬೇರಿಗೆ ವಸಡಿನ ಎಳೆಗಳು ಒಳಹೊಕ್ಕು ಹೊಲಿದಂತೆ ಹಿಡಿದಿರುತ್ತವೆ. ಲೋಹದ ಸುತ್ತ ಅವು ಅಂಗಿಯ ಕಾಲರಿನಂತೆ ಬರೀ ಒರಗಿರುತ್ತವೆ. ಕೊಳೆ ಒಮ್ಮೆ ಒಳಗಿಳಿದರೆ ಎಲುಬಿನವರೆಗೆ ತಡೆಯುವವರಿಲ್ಲ. ಶುರುವಿನಲ್ಲಿ ವಸಡು ಮಾತ್ರ ಉರಿಯುತ್ತದೆ, ರಕ್ತ ಜಿನುಗುತ್ತದೆ. ಆಗಲೇ ಹಿಡಿದರೆ ಪೂರ್ತಿ ವಾಸಿ. ಎಲುಬು ಕರಗಲು ಶುರುವಾದ ಮೇಲೆ ಹೋದದ್ದನ್ನು ಮರಳಿ ತರುವುದು ಕಷ್ಟ. ಈ ಎರಡೂ ಹಂತಗಳು ಹೆಚ್ಚಾಗಿ ನೋವಿಲ್ಲದೆಯೇ ದಾಟಿಹೋಗುತ್ತವೆ.

ಮಾಸ್ತರರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಅಂದರೆ ಗಂಟೆ ಇಲ್ಲದ ಶಾಲೆ ಎನ್ನಿ. ಗಡಿಯಾರ ನೋಡಿಕೊಂಡೇ ಹೋಗಬೇಕು’ ಎಂದರು.

ಮೊದಲು ಕ್ಯಾಪು ತೆಗೆಯಬೇಕಿತ್ತು. ಯಾವ ಮೊನೆಯಲ್ಲಿ ರಂಧ್ರ ಬಾರದಿರಲಿ ಎಂದು ಸಿಮೆಂಟು ಆರಿಸಿದ್ದೆನೋ ಅದೇ ಮೊನೆಯಲ್ಲಿ ರಂಧ್ರ ಕೊರೆದು, ಕಾರ್ಡಿನಲ್ಲಿದ್ದ ಅಳತೆಯ ಸ್ಕ್ರೂಡ್ರೈವರ್ ಹಾಕಿ, ಕಂಬ ಸಮೇತ ಕ್ಯಾಪನ್ನು ಬಿಚ್ಚಿದೆ. ಆರು ವಾರ ಮೇಲಿನಿಂದ ಸ್ವಚ್ಛತೆ, ಔಷಧದ ನೀರಿನಲ್ಲಿ ಮುಕ್ಕಳಿಸುವುದು. ಆ ಕಡೆ ಅವರ ವೈದ್ಯರಿಂದ ಸಕ್ಕರೆಯ ಹತೋಟಿ. ಮಾರ್ಚ್‌ನಲ್ಲಿ ವಸಡು ಬಿಡಿಸಿ ನೋಡಿದಾಗ ಕೆನ್ನೆಯ ಬದಿಯ ತಿರುಪಿನ ಮೇಲೆ, ಅರ್ಧ ಜೀರಿಗೆ ಕಾಳಿನಷ್ಟು, ಬೂದು ಬಣ್ಣದ ಚಕ್ಕೆಯೊಂದು ಅಂಟಿಕೊಂಡಿತ್ತು. ತೆಗೆದು ಹತ್ತಿಯ ಮೇಲೆ ಇಟ್ಟೆ. ಸೋಂಕಿದ ಮಾಂಸವನ್ನು ಕೆರೆದು ತೆಗೆದು, ಟೈಟಾನಿಯಂ ಎಳೆಗಳ ಬ್ರಷ್ಷಿನಿಂದ ತಿರುಪಿನ ಸುತ್ತುಗಳನ್ನು ಉಜ್ಜಿ, ಸಲೈನಿನಲ್ಲಿ ತೊಳೆದು, ತಗ್ಗಿಗೆ ಎಲುಬಿನ ಪುಡಿ ತುಂಬಿ ಹೊಲಿದೆ.

ಹೊಲಿಗೆ ಮುಗಿದ ಮೇಲೆ ಆ ಚಕ್ಕೆಯನ್ನು ತೋರಿಸಿ, ‘ಇದು ನನ್ನ ಕೈಯಿಂದ ಉಳಿದದ್ದು’ ಎಂದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಾಸ್ತರರು ಕನ್ನಡಕ ಏರಿಸಿ ನೋಡಿದರು. ‘ಇಷ್ಟಕ್ಕೇ ಇಷ್ಟೆಲ್ಲವೇ?’ ಇಷ್ಟಕ್ಕೇ ಎನ್ನಲಾಗದು. ಚಕ್ಕೆ ಇತ್ತು, ಸಕ್ಕರೆ ಇತ್ತು, ತಂಬಾಕು ಇತ್ತು, ಯಾರೂ ಇಣುಕಿ ನೋಡದ 27 ತಿಂಗಳುಗಳಿದ್ದವು. ಯಾವುದರ ಪಾಲು ಎಷ್ಟೆಂದು ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ. ಆರು ತಿಂಗಳಿಗೆ ಬಂದಿದ್ದರೆ ಚಕ್ಕೆ ಆಗಲೇ ಸಿಗುತ್ತಿತ್ತು. ಬರುವಂತೆ ಮಾಡುವುದು ನನ್ನ ಕೆಲಸವೂ ಆಗಿತ್ತು. ಆ ಚಿಕಿತ್ಸೆಗೆ ಸಾಮಾನಿನ ಖರ್ಚನ್ನಷ್ಟೇ ತೆಗೆದುಕೊಂಡೆ.

ಹಳೆಯ ಕ್ಯಾಪನ್ನೇ ಕಂಬಕ್ಕೆ ಬಾಯಿಯ ಹೊರಗೆ ಅಂಟಿಸಿ, ಉಕ್ಕಿದ ಸಿಮೆಂಟನ್ನು ಬೆಳಕಿನಲ್ಲಿ ಒರೆಸಿ, ಆಮೇಲೆ ಬಾಯಿಯಲ್ಲಿ ತಿರುಪು ಬಿಗಿದು ರಂಧ್ರ ತುಂಬಿದೆ. ಆ ತುಂಬಿದ ಗುರುತು ಅವರ ನಾಲಿಗೆಗೆ ಮಾತ್ರ ಗೊತ್ತು. ಪಿಂಗಾಣಿ ಇವತ್ತಿನವರೆಗೂ ಚಕ್ಕೆ ಎದ್ದಿಲ್ಲ. ಇದನ್ನೇ 2019ರಲ್ಲಿ ಮಾಡಬಹುದಿತ್ತು. ಅಂದಿನಿಂದ ನನ್ನ ದವಾಖಾನೆಯಲ್ಲಿ ಇದೇ ಪದ್ಧತಿ.

ಆರೈಕೆಯ ಪಾಠ ಹೊಸದಾಗಿ ಶುರುವಾಯಿತು. ಬೇವಿನ ಕಡ್ಡಿಗೆ ನನ್ನ ವಿರೋಧವಿಲ್ಲ, ಆದರೆ ಅದು ಹಲ್ಲಿನ ಮುಖ ತೊಳೆಯುತ್ತದೆ, ಸಂದಿಗೆ ಹೋಗುವುದಿಲ್ಲ. ಸಂದಿಗೆಂದೇ ಬೆರಳುದ್ದದ ಪುಟ್ಟ ಬ್ರಷ್ ಬರುತ್ತದೆ, ನೋಡಲು ಬಾಟಲಿ ತೊಳೆಯುವ ಬ್ರಷ್ಷಿನ ಮರಿಯ ಹಾಗೆ. ಅದರ ನಡುವಿನ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರಬೇಕು, ಇಲ್ಲದಿದ್ದರೆ ಟೈಟಾನಿಯಂ ಮೇಲೆ ಗೀರು ಬಿದ್ದು ಕೊಳೆ ಇನ್ನಷ್ಟು ಕೂರುತ್ತದೆ. ಸಂದಿಯಲ್ಲಿ ತುಸು ಬಿಗಿಯಾಗಿ ಹೋಗುವ ಅಳತೆಯನ್ನು ವೈದ್ಯರೇ ಆರಿಸಿ ಕೊಡಬೇಕು. ಮಾಸ್ತರರ ಕೈಗೆ ಕನ್ನಡಿ ಕೊಟ್ಟು, ಕ್ಯಾಪಿನ ಮುಂದಿನ ಸಂದಿಯಲ್ಲಿ ಕೆನ್ನೆಯ ಕಡೆಯಿಂದ ತೂರಿಸಿ, ನಾಲಿಗೆಯ ಕಡೆ ತುದಿ ಕಾಣುವವರೆಗೆ ತಳ್ಳಿ, ಐದಾರು ಸಲ ಆಡಿಸಿ ತೆಗೆಯಲು ಹೇಳಿದೆ. ಮೊದಲ ಸಲ ಬ್ರಷ್ ಬಾಗಿತು. ಎರಡನೆಯ ಸಲ ವಸಡಿಗೆ ಚುಚ್ಚಿತು. ನಾಲ್ಕನೆಯ ಸಲ ಸರಿಯಾಗಿ ಹೋಗಿ, ಮಧ್ಯಾಹ್ನದ ಪುಂಡಿಪಲ್ಯದ ಹಸಿರು ನಾರನ್ನು ಹೊತ್ತು ಹೊರಬಂತು. ಆ ನಾರನ್ನು ಅವರು ಬಹಳ ಹೊತ್ತು ನೋಡಿದರು. ನನ್ನ ಅಷ್ಟೂ ಉಪದೇಶಕ್ಕಿಂತ ಅದು ಹೆಚ್ಚು ಕೆಲಸ ಮಾಡಿತು.

ಬ್ರಷ್ ಈಗ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಇರುತ್ತದೆ. ಮನೆಯಲ್ಲಿ ಹಳೆಯ ಹಾಜರಿ ಪುಸ್ತಕವೊಂದನ್ನು ತೆಗೆದು, ದಿನಕ್ಕೊಂದು ಖಾನೆ ಮಾಡಿ, ರಾತ್ರಿ ಸ್ವಚ್ಛಗೊಳಿಸಿದ ಮೇಲೆ ಹಾಜರಿ ಹಾಕುತ್ತಾರೆ. ಹಾಕುವವರು ಹೆಂಡತಿ, ಏಕೆಂದರೆ ತಮ್ಮ ಹಾಜರಿಯನ್ನು ತಾವೇ ಹಾಕಿಕೊಳ್ಳುವುದು ಮಾಸ್ತರರಿಗೆ ಸರಿಕಾಣಲಿಲ್ಲ. ದವಾಖಾನೆಗೆ ಬಂದಾಗ ಆ ಪುಸ್ತಕವನ್ನೂ ತರುತ್ತಾರೆ. ನಾನು ವಸಡಿನ ಆಳ ಅಳೆಯುತ್ತೇನೆ, ಉಕ್ಕಿನ ಬದಲು ಟೈಟಾನಿಯಂ ತುದಿಯ ಉಪಕರಣದಿಂದ ಕಿಟ್ಟ ತೆಗೆಯುತ್ತೇನೆ, ವರ್ಷಕ್ಕೊಮ್ಮೆ ಎಕ್ಸ್‌-ರೇ. ಬರುವ ವಾರ ಫೋನ್ ಮಾಡಿ ನೆನಪಿಸುವುದು ಈಗ ನಮ್ಮ ಸಹಾಯಕಿಯ ಕೆಲಸ.

2024ರ ಏಪ್ರಿಲ್‌ನಲ್ಲಿ ಬಂದಾಗ ಎಲುಬು ಶಸ್ತ್ರಚಿಕಿತ್ಸೆಯ ನಂತರದ ಮಟ್ಟದಲ್ಲೇ ನಿಂತಿತ್ತು. ಕಳೆದುಹೋದದ್ದರಲ್ಲಿ ಸ್ವಲ್ಪ ಮಾತ್ರ ಮರಳಿದೆ. ಕೆನ್ನೆಯ ಬದಿಯ ಆಳ ನಾಲ್ಕು ಮಿಲಿಮೀಟರ್. ಒಂದು ಕಡೆ ಮುಟ್ಟಿದರೆ ಇನ್ನೂ ರಕ್ತದ ಚುಕ್ಕೆ ಬರುತ್ತದೆ. ಸಕ್ಕರೆ ಶೇ. 7.2. ತಂಬಾಕು ಬಿಟ್ಟಿದ್ದೇನೆ ಎಂದರು ಮಾಸ್ತರರು. ‘ಮನೆಯಲ್ಲಿ ಬಿಟ್ಟಿದ್ದಾರೆ’ ಎಂದು ಹೆಂಡತಿ ತಿದ್ದಿದರು. ಹಾಜರಿ ಪುಸ್ತಕದ ಮಾರ್ಚ್ ಪುಟದಲ್ಲಿ ಎರಡು ಖಾನೆಗಳಲ್ಲಿ ಕೆಂಪು ಮಸಿಯ ‘ಗೈ’ ಇತ್ತು. ಬೆರಳಿಟ್ಟು ತೋರಿಸಿದೆ.

‘ಶರಣಬಸವೇಶ್ವರರ ತೇರಿಗೆ ಕಲಬುರಗಿಗೇ ಬಂದಿದ್ದೆವು, ಬ್ರಷ್ ಊರಲ್ಲಿ ಉಳಿಯಿತು’ ಎಂದರು.

ಇನ್ನೊಂದು ಬ್ರಷ್ ಕೊಟ್ಟು, ಅಕ್ಟೋಬರ್‌ನ ತಾರೀಖನ್ನು ಅದೇ ಪುಸ್ತಕದ ರಟ್ಟಿನ ಮೇಲೆ ಬರೆದೆ.